ಮಧ್ಯಾಹ್ನ ಎರಡರ ನೀರು

ಗುರುವಾರ ಬೆಳಿಗ್ಗೆ ಒಂಬತ್ತೂವರೆಗೆ ‘ಡನ್ಲಿನ್’ ಹಡಗಿನ ಬಾಯ್ಲರಿಗೆ ಬೆಂಕಿ ಹಾಕಿದರು. ಎಂಟು ತಿಂಗಳಿನಿಂದ ತಣ್ಣಗೆ ಬಿದ್ದಿದ್ದ ಬಾಯ್ಲರು. ಅದನ್ನು ಜ್ವರ ಬಿಟ್ಟವರಿಗೆ ಗಂಜಿ ಕುಡಿಸಿದ ಹಾಗೆ ನಿಧಾನವಾಗಿ ಕಾಯಿಸಬೇಕು. ಮೊದಲ ದಿನ ಬರೀ ಕಟ್ಟಿಗೆ, ಮೇಲೆ ಒಂದಿಷ್ಟು ಕಲ್ಲಿದ್ದಲು. ಎರಡನೆಯ ದಿನ ಹಬೆ. ಮೂರನೆಯ ದಿನ, ಶನಿವಾರ ಮಧ್ಯಾಹ್ನ ಉಬ್ಬರ ಬಂದಾಗ ಹಡಗು ಲಾಕ್ ಎಂಬ ನೀರುಗೇಟು ದಾಟಿ ಥೇಮ್ಸ್‌ಗೆ ಇಳಿದು, ಚ್ಯಾಟಮ್ ಕಡೆಗೆ ಹೊರಡಬೇಕು.

ಎರಡನೆಯ ಮಹಾಯುದ್ಧದ ಕೊನೆಯಲ್ಲಿ ನೌಕಾಪಡೆಯವರು ಕಟ್ಟಿಸಿದ ಸಣ್ಣ ಹಬೆ ಹಡಗು ಅದು. ದೊಡ್ಡ ಯುದ್ಧನೌಕೆಗಳಿಗೆ ಹಿಟ್ಟು, ಆಲೂಗಡ್ಡೆ, ಮದ್ದುಗುಂಡು ಸಾಗಿಸುತ್ತಿತ್ತಂತೆ. ಈಗ ಲಂಡನ್ನಿನ ರಾಯಲ್ ಆಲ್ಬರ್ಟ್ ಡಾಕ್ ಎಂಬ ಹಡಗುಕಟ್ಟೆಯಲ್ಲಿ ನಿಂತಿದೆ. ಎದುರಿನ ದಡದಿಂದ ಹತ್ತು ನಿಮಿಷಕ್ಕೊಂದು ವಿಮಾನ ಎದ್ದು ಹೋಗುತ್ತದೆ. ಹಡಗನ್ನು ನೋಡಿಕೊಳ್ಳುವುದು ಹದಿನಾಲ್ಕು ಜನ ಸ್ವಯಂಸೇವಕರು. ಒಬ್ಬರಿಗೂ ಸಂಬಳವಿಲ್ಲ. ಆದರೂ ನೌಕಾಪಡೆಯ ಶಿಸ್ತು ಬಿಟ್ಟಿಲ್ಲ: ಪಾಳಿಯೆಂದರೆ ಪಾಳಿ, ಲಾಗ್ ಪುಸ್ತಕವೆಂದರೆ ಲಾಗ್ ಪುಸ್ತಕ. ಹಡಗಿನ ದಿನಚರಿಯಾದ ಆ ಪುಸ್ತಕದಲ್ಲಿ ಬಿದ್ದ ಅಕ್ಷರಕ್ಕೆ ಯಾರೂ ಮರುಪ್ರಶ್ನೆ ಹಾಕುವುದಿಲ್ಲ.

ಹಡಗಿನ ಮುಂಭಾಗದಲ್ಲಿ, ಒಂದು ಕಾಲಕ್ಕೆ ಬಾವುಟಗಳನ್ನು ಮಡಿಸಿಡುತ್ತಿದ್ದ ಕೋಣೆಯಲ್ಲಿ, ವತ್ಸಲಾ ಗಲಗಲಿ ತಮ್ಮ ಶೀಷೆಗಳನ್ನು ಸಾಲಾಗಿ ಜೋಡಿಸುತ್ತಿದ್ದರು. ಬಾಯ್ಲರಿನ ನೀರು ಪರೀಕ್ಷೆ ಮಾಡುವುದು ಅವರ ಕೆಲಸ. ಹಬೆ ಇರುವಾಗ ನಾಲ್ಕು ಗಂಟೆಗೊಮ್ಮೆ ಬಾಯ್ಲರಿನಿಂದ ಒಂದು ಲೋಟ ನೀರು ತೆಗೆದು, ಆರಿಸಿ, ಅದಕ್ಕೆ ಹಳದಿ ದ್ರಾವಣದ ಎರಡು ಹನಿ ಹಾಕಿ, ಆಮೇಲೆ ಬೆಳ್ಳಿಯ ಲವಣದ ದ್ರಾವಣವನ್ನು ಹನಿಹನಿಯಾಗಿ ಬಿಡಬೇಕು. ಹಳದಿ ನೀರು ಇಟ್ಟಿಗೆಯ ಬಣ್ಣಕ್ಕೆ ತಿರುಗುವ ಹೊತ್ತಿಗೆ ಎಷ್ಟು ಹನಿ ಬಿತ್ತೋ, ಅದರಿಂದ ನೀರಿನಲ್ಲಿ ಉಪ್ಪೆಷ್ಟಿದೆ ಎಂದು ಗೊತ್ತಾಗುತ್ತದೆ. ಬಾಯ್ಲರಿಗೆ ಉಪ್ಪು ಸೇರಬಾರದು. ಸೇರಿದರೆ ನೀರು ಹಾಲಿನಂತೆ ನೊರೆಯೇಳುತ್ತದೆ, ಹಬೆಯ ಜೊತೆ ಎಂಜಿನ್ನಿಗೆ ನುಗ್ಗುತ್ತದೆ.

ಬೆಂಕಿ ಹಾಕುವ ಮೊದಲೇ ತೆಗೆದ ನೀರನ್ನು ವತ್ಸಲಾ ಆ ದಿನ ಮೂರು ಸಲ ಪರೀಕ್ಷಿಸಿದರು. ಮೂರು ಸಲವೂ ಒಂದೇ ಅಂಕಿ ಬಂತು. ಆದರೂ ನಾಲ್ಕನೆಯ ಸಲಕ್ಕೆ ಶೀಷೆ ತೊಳೆದರು. ಮೊದಲು ಅವರು ಹೀಗಿರಲಿಲ್ಲ. ಒಂದೇ ಸಲ ಮಾಡಿ, ಬರೆದು, ಎದ್ದು ಹೋಗುವವರು. ತಮ್ಮ ಕೈಯ ಮೇಲೆ ಅವರಿಗೆ ಅಷ್ಟು ನಂಬಿಕೆಯಿತ್ತು.

ಆ ನಂಬಿಕೆಗೆ ಕಾರಣವೂ ಇತ್ತು. ಧಾರವಾಡದಲ್ಲಿ ರಸಾಯನಶಾಸ್ತ್ರ ಓದಿ, ಅರಿವಳಿಕೆ ವೈದ್ಯ ಋಷಿಕೇಶರನ್ನು ಮದುವೆಯಾಗಿ ಲಂಡನ್ನಿಗೆ ಬಂದಾಗ ಅವರಿಗೆ ಇಪ್ಪತ್ತೇಳು. ಆಮೇಲೆ ಇಪ್ಪತ್ತೊಂಬತ್ತು ವರ್ಷ ದಕ್ಷಿಣ ಲಂಡನ್ನಿನ ಒಂದು ಸರಕಾರಿ ಆಸ್ಪತ್ರೆಯ ಪ್ರಯೋಗಾಲಯದಲ್ಲಿ ರಕ್ತದ ಸಕ್ಕರೆ, ಉಪ್ಪು, ಮೂತ್ರಪಿಂಡದ ಲೆಕ್ಕ ನೋಡಿದರು. ಗಲಗಲಿ ಮೇಡಂ ಸಹಿ ಇದ್ದರೆ ಡಾಕ್ಟರುಗಳು ಎರಡನೆಯ ಸಲ ಕೇಳುತ್ತಿರಲಿಲ್ಲ. ಒಮ್ಮೆ ಒಬ್ಬ ಹೊಸ ಹುಡುಗಿ ಪರೀಕ್ಷೆ ಮಾಡದೆಯೇ ಹಿಂದಿನ ದಿನದ ಅಂಕಿಯನ್ನು ಬರೆದಿಟ್ಟಿದ್ದನ್ನು ಇವರೇ ಹಿಡಿದರು. ಆ ಹುಡುಗಿ ಅತ್ತಳು. ವತ್ಸಲಾ ಕರಗಲಿಲ್ಲ, ಮೇಲಿನವರಿಗೆ ಬರೆದರು, ಅವಳ ಕೆಲಸ ಹೋಯಿತು. ಮನೆಗೆ ಬಂದು ಗಂಡನಿಗೆ, “ಸುಳ್ಳ ಅಂಕಿ ಬರಿಯೋ ಕೈ ಇಲ್ಲಿ ಇರಬಾರದು” ಎಂದು ಹೇಳಿದ್ದರು.

ನಿವೃತ್ತರಾದ ಮೇಲೆ ಕೈಗೆ ಕೆಲಸವಿಲ್ಲದೆ ಒದ್ದಾಡುತ್ತಿದ್ದಾಗ, ಕ್ರೋಯ್ಡನ್ನಿನ ಕನ್ನಡಿಗರ ಯುಗಾದಿ ಊಟದ ಪಂಕ್ತಿಯಲ್ಲಿ ಪಕ್ಕಕ್ಕೆ ಕುಳಿತಿದ್ದವರು ಕೃಷ್ಣಪ್ರಸಾದ. ಮೈಸೂರಿನವರು. ಅವರ ತಂದೆ ಅಲ್ಲಿನ ರೈಲ್ವೆಯಲ್ಲಿ ಹಬೆ ಎಂಜಿನ್ ಓಡಿಸುತ್ತಿದ್ದರು. ಇವರೂ ಅಲ್ಲಿನ ಕಾರ್ಖಾನೆಯಲ್ಲಿ ಕೆಲಸ ಕಲಿತವರು. ಹೆಂಡತಿ ಕಾಮಾಕ್ಷಿಗೆ ಇಲ್ಲಿನ ಆಸ್ಪತ್ರೆಯಲ್ಲಿ ಕಣ್ಣಿನ ಡಾಕ್ಟರ್ ಕೆಲಸ ಸಿಕ್ಕಾಗ ಆಕೆಯ ಹಿಂದೆ ಬಂದು, ಲಂಡನ್ನಿನ ನೆಲದಡಿಯ ಟ್ಯೂಬ್ ರೈಲಿನ ಸಿಗ್ನಲ್ ವಿಭಾಗದಲ್ಲಿ ದುಡಿದು ನಿವೃತ್ತರಾಗಿದ್ದರು.

“ನೀವು ರಕ್ತ ಪರೀಕ್ಷೆ ಮಾಡ್ತಿದ್ರಂತೆ,” ಎಂದು ಅವರು ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಾ ಕೇಳಿದ್ದರು. “ನಮ್ಮ ಹಡಗಿಗೂ ರಕ್ತ ಪರೀಕ್ಷೆ ಮಾಡೋರು ಬೇಕಾಗಿದ್ದಾರೆ. ಬರ್ತೀರಾ?”

ಹಾಗೆ ವತ್ಸಲಾ ಹಡಗು ಹತ್ತಿದ್ದು. ಮೂರು ವರ್ಷ, ವಾರಕ್ಕೆರಡು ದಿನ, ಬೆಳಿಗ್ಗೆ ಏಳಕ್ಕೆ ಕೃಷ್ಣಪ್ರಸಾದರ ನೀಲಿ ಕಾರು ವತ್ಸಲಾರ ಮನೆಯ ಮುಂದೆ ನಿಲ್ಲುತ್ತಿತ್ತು. ದಾರಿಯುದ್ದಕ್ಕೂ ಅವರು ಮೈಸೂರಿನ ಎಂಜಿನ್ನುಗಳ ಕಥೆ ಹೇಳುವರು. ಇವರು ಡಬ್ಬಿಯಿಂದ ಚುರುಮುರಿ ತೆಗೆದು ಕೊಡುವರು. ಕಲ್ಲಿದ್ದಲಿನ ಮಸಿ ಹತ್ತಿದ ಬಟ್ಟೆಯನ್ನು ಮನೆಯ ಮಷೀನಿಗೆ ಹಾಕಬೇಡ ಎಂದು ಋಷಿಕೇಶ ಗೊಣಗುತ್ತಿದ್ದರೂ, ಹೆಂಡತಿಯ ಮುಖದಲ್ಲಿ ಮತ್ತೆ ಕಳೆ ಬಂದದ್ದನ್ನು ಅವರೂ ನೋಡಿದ್ದರು.

ಆಮೇಲೆ ಕಳೆದ ಸೆಪ್ಟೆಂಬರಿನ ಆ ಭಾನುವಾರ ಬಂತು.

ಜನರನ್ನು ಹತ್ತಿಸಿಕೊಂಡು ನದಿಯಲ್ಲಿ ಒಂದು ಸುತ್ತು ಹೋಗಿಬರುವ ದಿನ. ಒಳ್ಳೆಯ ಬಿಸಿಲಿತ್ತು. ಕ್ವೀನ್ಸ್‌ಬರಿಯಿಂದ ಒಂದು ಕನ್ನಡದ ಕುಟುಂಬವೂ ಬಂದಿತ್ತು. ಕುತ್ತಿಗೆಯಿಂದ ಕಾಲಿನವರೆಗೆ ಮಸಿ ಹತ್ತಿದ ಬಾಯ್ಲರ್ ಸೂಟ್ ತೊಟ್ಟು ಕನ್ನಡ ಮಾತಾಡುವ ಈ ಹೆಂಗಸನ್ನು ನೋಡಿ ಅವರಿಗೆ ಎಲ್ಲಿಲ್ಲದ ಹಿಗ್ಗು. ವತ್ಸಲಾ ಅವರಿಗೆ ಹಡಗು ತೋರಿಸಿದರು, ಅವರ ಮಗುವನ್ನು ಎತ್ತಿಕೊಂಡು ಫೋಟೋ ತೆಗೆಸಿಕೊಂಡರು. ಮಧ್ಯಾಹ್ನ ಎರಡರ ಪರೀಕ್ಷೆಯ ಹೊತ್ತಾಯಿತು. ‘ಹೋದರಾಯಿತು, ಇನ್ನೈದು ನಿಮಿಷ’ ಎಂದುಕೊಂಡರು. ಎರಡೂವರೆಯಾಯಿತು. ಬೆಳಿಗ್ಗೆ ಹತ್ತರ ನೀರು ಶುದ್ಧವಿತ್ತು. ಮೂರು ವರ್ಷದಲ್ಲಿ ಒಂದು ದಿನವೂ ಕೆಟ್ಟಿರಲಿಲ್ಲ. ಕೆಳಗೆ ಹೋಗಿ ಲಾಗ್ ಪುಸ್ತಕ ತೆರೆದು, ಎರಡು ಗಂಟೆಯ ಸಾಲಿನಲ್ಲಿ ಬೆಳಗಿನ ಸಂಖ್ಯೆಯನ್ನೇ, ಕೊನೆಯ ಅಂಕಿ ಮಾತ್ರ ಒಂದಿಷ್ಟು ಬದಲಿಸಿ, ಬರೆದರು. ಸಹಿ ಮಾಡಿ ಮತ್ತೆ ಬಿಸಿಲಿಗೆ ಬಂದರು.

ಅಷ್ಟೇ. ಅದಕ್ಕಿಂತ ದೊಡ್ಡ ಕಾರಣವೇನೂ ಇರಲಿಲ್ಲ. ಆಮೇಲೆ ಎಷ್ಟು ಹುಡುಕಿದರೂ ಅವರಿಗೆ ಅದಕ್ಕಿಂತ ದೊಡ್ಡ ಕಾರಣ ಸಿಗಲಿಲ್ಲ.

ಮೂರೂ ಇಪ್ಪತ್ತಕ್ಕೆ ಎಂಜಿನ್ ಕೋಣೆಯಿಂದ ಸುತ್ತಿಗೆಯಲ್ಲಿ ಹೊಡೆದಂಥ ಸದ್ದು ಬಂತು. ಬಾಯ್ಲರಿನ ನೀರು ಎಂಜಿನ್ನಿಗೆ ನುಗ್ಗಿತ್ತು. ಎಂಜಿನ್ನಿನ ಒಂದು ಮುಚ್ಚಳ ಬಿರುಕು ಬಿಟ್ಟಿತು, ಕುದಿನೀರು ಚಿಮ್ಮಿ ಬ್ರಯನ್ ಎಂಬ ಸ್ವಯಂಸೇವಕರ ಬಲಗೈ ಸುಟ್ಟಿತು. ಹಡಗನ್ನು ಬೇರೆ ದೋಣಿ ಎಳೆದುಕೊಂಡು ಬರಬೇಕಾಯಿತು. ಆ ಹೊತ್ತಿಗೆ ಬಾಯ್ಲರಿನ ಮುಂದೆ ನಿಂತಿದ್ದವರು ಕೃಷ್ಣಪ್ರಸಾದ.

ನೀರು ಹಾಗೆ ನುಗ್ಗುವುದಕ್ಕೆ ಕಾರಣ ಎರಡೇ: ಒಂದೋ ನೀರಿಗೆ ಉಪ್ಪು ಸೇರಿರಬೇಕು, ಇಲ್ಲವೇ ಬಾಯ್ಲರಿನಲ್ಲಿ ಅಳತೆ ಮೀರಿ ನೀರು ತುಂಬಿರಬೇಕು. ಮುಖ್ಯ ಎಂಜಿನಿಯರ್ ಡೆನಿಸ್, ಎಲ್ಲರೂ ಚೀಫ್ ಎಂದು ಕರೆಯುವ ಎಪ್ಪತ್ತೆರಡರ ಮನುಷ್ಯ, ಲಾಗ್ ಪುಸ್ತಕ ನೋಡಿದರು. ಎರಡು ಗಂಟೆಯ ನೀರು ಶುದ್ಧ ಎಂದಿತ್ತು. ಹಾಗಾದರೆ ನೀರು ಹೆಚ್ಚಾಗಿತ್ತು ಎಂದಾಯಿತು. ಕೃಷ್ಣಪ್ರಸಾದ, “ಗೇಜ್ ಗ್ಲಾಸಿನಲ್ಲಿ ನೀರು ಅರ್ಧಕ್ಕೇ ಇತ್ತು, ನಾನು ನೋಡಿದೆ” ಎಂದರು. ಸದ್ದು ಕೇಳಿ ಓಡಿಬಂದ ಚೀಫ್ ನೋಡಿದಾಗ, ಬಾಯ್ಲರಿನ ಮಟ್ಟ ತೋರಿಸುವ ಅದೇ ಗಾಜಿನ ಕೊಳವೆಯಲ್ಲಿ ನೀರು ತುದಿ ಮುಟ್ಟಿತ್ತು. ಬಾಯ್ಲರು ಆರಿದ ಮೇಲೆ ನೀರನ್ನೆಲ್ಲ ಹೊರಗೆ ಬಿಟ್ಟದ್ದರಿಂದ ಮತ್ತೆ ಪರೀಕ್ಷಿಸಲು ಏನೂ ಉಳಿದಿರಲಿಲ್ಲ.

ಯಾರೂ ಕೂಗಾಡಲಿಲ್ಲ. ಇಂಗ್ಲಿಷರು ಕೂಗಾಡುವುದಿಲ್ಲ. ಕೃಷ್ಣಪ್ರಸಾದರನ್ನು ಬೆಂಕಿಯ ಪಾಳಿಯಿಂದ ಬಿಡಿಸಿ, ಬೇಕಿದ್ದರೆ ಅಡುಗೆಕೋಣೆ ನೋಡಿಕೊಳ್ಳಬಹುದು ಎಂದು ಒಂದು ಮೃದುವಾದ ಪತ್ರ ಬರೆದರು. ಹಬೆ ಎಂಜಿನ್ ಓಡಿಸುವವನ ಮಗನಿಗೆ, ನೀರಿನ ಮಟ್ಟ ನೋಡುವುದನ್ನೇ ಮೊದಲ ಪಾಠವಾಗಿ ಕಲಿತವರಿಗೆ, ಆ ಪತ್ರ ಬಂತು.

ವತ್ಸಲಾ ಆಗ ತಮಗೆ ತಾವೇ ಸಮಾಧಾನ ಹೇಳಿಕೊಂಡರು. ನಾನು ಪರೀಕ್ಷೆ ಮಾಡದಿದ್ದರೇನು, ನೀರು ಚೆನ್ನಾಗಿಯೇ ಇದ್ದಿರಬಹುದು. ನೀರು ಹೆಚ್ಚಾಗಿಯೇ ಇದ್ದಿರಬಹುದು. ಕೃಷ್ಣಪ್ರಸಾದರಿಗೆ ಅರವತ್ತೇಳು, ಆ ವಯಸ್ಸಿನಲ್ಲಿ ಕಣ್ಣು ತಪ್ಪುವುದು ಸಹಜ. ಚಳಿಗಾಲದವರೆಗೂ ಈ ಮಾತು ಅವರ ಕೈಹಿಡಿಯಿತು.

ಫೆಬ್ರವರಿಯಲ್ಲಿ ಕಂಡೆನ್ಸರ್ ಬಿಚ್ಚಿದರು. ಕೆಲಸ ಮುಗಿಸಿದ ಹಬೆಯನ್ನು ಹೊರಗಿನ ನೀರಿನಿಂದ ತಣಿಸಿ ಮತ್ತೆ ನೀರು ಮಾಡಿ ಬಾಯ್ಲರಿಗೇ ಕಳಿಸುವ ದೊಡ್ಡ ಪೆಟ್ಟಿಗೆ ಅದು. ಒಳಗೆ ನೂರಾರು ಹಿತ್ತಾಳೆಯ ಕೊಳವೆಗಳು. ಅದರಲ್ಲಿ ಮೂರು ಕೊಳವೆಗಳು ತೂತಾಗಿದ್ದವು. ನದಿಯ ಉಪ್ಪುನೀರು ಒಳಗೆ ಸೇರಲು ಅಷ್ಟು ಸಾಕು.

“ಹಳೆಯ ಹಡಗು, ಇರುವುದೇ,” ಎಂದು ಚೀಫ್ ಮೂರಕ್ಕೂ ಬಿರಡೆ ಬಡಿಸಿದರು. “ಚಳಿಗಾಲದಲ್ಲಿ ಹಿಮ ಕಟ್ಟಿ ಒಡೆದಿರಬೇಕು. ಸೆಪ್ಟೆಂಬರಿನಲ್ಲೇ ಒಡೆದಿದ್ದರೆ ವತ್ಸಲಾ ಹಿಡಿಯುತ್ತಿದ್ದರು.”

ವತ್ಸಲಾ ಪಕ್ಕದಲ್ಲೇ ದೀಪ ಹಿಡಿದು ನಿಂತಿದ್ದರು. ಒಡೆದದ್ದು ಆ ಭಾನುವಾರವೇ ಎಂದು ಅವರಿಗೆ ಆ ಕ್ಷಣಕ್ಕೆ ತಿಳಿದುಹೋಯಿತು. ಆ ಕ್ಷಣವೇ ಹೇಳಬಹುದಿತ್ತು. ಹೇಳುವ ಬದಲು ದೀಪವನ್ನು ಇನ್ನಷ್ಟು ಹತ್ತಿರ ಹಿಡಿದರು. ಮಾರನೆಯ ವಾರ ಹೇಳೋಣವೆಂದುಕೊಂಡರು, ಆಮೇಲೆ ಯುಗಾದಿ ಕಳೆಯಲಿ ಎಂದುಕೊಂಡರು. ತಡವಾದಷ್ಟೂ ಹೇಳಬೇಕಾದ ತಪ್ಪು ಬೆಳೆಯುತ್ತ ಹೋಯಿತು: ಮೊದಲು ಒಂದು ಅಂಕಿ, ಆಮೇಲೆ ಆ ಅಂಕಿಯ ಮೇಲೆ ತಿಂಗಳುಗಟ್ಟಲೆ ಮೌನ. ಮೇ ತಿಂಗಳ ಕೊನೆಯ ಆ ಗುರುವಾರದವರೆಗೂ ಅವರು ಬಾಯಿ ಬಿಟ್ಟಿರಲಿಲ್ಲ.

ಶುಕ್ರವಾರ ಹಡಗಿಗೆ ಜೀವ ಬಂತು. ಚಿಮಣಿಯಿಂದ ಹೊಗೆ, ಕೊಳವೆಗಳಲ್ಲಿ ಟಿಕ್ ಟಿಕ್ ಸದ್ದು. ಮೇಲೆ ಹಗ್ಗಗಳನ್ನು ಸುರುಳಿ ಸುತ್ತುತ್ತಿದ್ದರು, ಯಾರೋ ಹಿತ್ತಾಳೆಯ ಗಂಟೆ ಉಜ್ಜುತ್ತಿದ್ದರು, ಇಬ್ಬರು ಕಲ್ಲಿದ್ದಲಿನ ಚೀಲಗಳನ್ನು ಕೆಳಗಿಳಿಸುತ್ತಿದ್ದರು. ಹನ್ನೊಂದಕ್ಕೆ ಕೃಷ್ಣಪ್ರಸಾದ ಅಡುಗೆಕೋಣೆಯಲ್ಲಿ ಎಲ್ಲರಿಗೂ ಉಪ್ಪಿಟ್ಟು ಮಾಡಿದರು. ಎರಡು ತಿಂಗಳಿನಿಂದ ಹಡಗಿನವರಿಗೆ ಅದರ ರುಚಿ ಹತ್ತಿತ್ತು. ಉಪ್ಪಿಟ್ಟು ಎನ್ನಲೂ ಕೃಷ್ಣಪ್ರಸಾದ ಎನ್ನಲೂ ಬಾರದೆ ‘ಕೆಪಿಯ ಹಳದಿ ಬ್ರೇಕ್‌ಫಸ್ಟ್’ ಎನ್ನುತ್ತಿದ್ದರು. ವತ್ಸಲಾರ ತಟ್ಟೆಗೆ ಅವರು ಒಂದು ಚಮಚ ಹೆಚ್ಚು ಗೋಡಂಬಿ ಬಡಿಸಿದರು.

“ನೀವು ಸರಿಯಾಗಿ ತಿಂತಾ ಇಲ್ಲ, ಮೇಡಂ. ಸಣ್ಣಗಾಗಿದೀರಿ.”

“ಹಂಗೇನಿಲ್ರಿ, ರಾಯರ,” ಎಂದರು ವತ್ಸಲಾ. ಆ ಗೋಡಂಬಿಯನ್ನು ನುಂಗಲು ಎರಡು ಗುಟುಕು ಚಹಾ ಬೇಕಾಯಿತು.

ಆಗಲೇ ಚೀಫ್ ಅಡುಗೆಕೋಣೆಯ ಬಾಗಿಲಿಗೆ ಬಂದು ನಿಂತರು. ನಾಳಿನ ಬೆಂಕಿ ಪಾಳಿಯವರಲ್ಲಿ ಒಬ್ಬರ ಮಂಡಿ ಊದಿಕೊಂಡು, ಬರಲಾಗುವುದಿಲ್ಲ ಎಂದು ಫೋನು ಮಾಡಿದ್ದರು. ಇನ್ನೊಬ್ಬರಿಲ್ಲದೆ ಹಡಗು ಬಿಡುವಂತಿಲ್ಲ.

“ಕೆಪಿ, ಹಳೆಯದು ಹಳೆಯದಾಯಿತು. ನಾಳೆ ನೀವು ಕೆಳಗೆ ಬನ್ನಿ. ನಾನೂ ಪಕ್ಕದಲ್ಲಿರುತ್ತೇನೆ,” ಎಂದರು.

ಕೃಷ್ಣಪ್ರಸಾದ ಬಾಣಲೆ ಉಜ್ಜುತ್ತಿದ್ದವರು ನಿಲ್ಲಿಸಲಿಲ್ಲ. “ಬೇಡ, ಚೀಫ್. ನನ್ನ ಕಣ್ಣನ್ನು ನಂಬಬೇಡಿ. ನಾನೇ ನಂಬುತ್ತಿಲ್ಲ,” ಎಂದರು. ಚೀಫ್ ತಲೆಯಾಡಿಸಿ ಹೊರಟುಹೋದರು.

ಸಂಜೆ ಐದಕ್ಕೆ ಇಬ್ಬರೂ ಜೊತೆಯಾಗಿಯೇ ಮನೆಗೆ ಹೊರಟರು. ಡಿಎಲ್ಆರ್ ಎಂಬ ಸಣ್ಣ ರೈಲು ಹಿಡಿದು, ಕ್ಯಾನಿಂಗ್ ಟೌನಿನಲ್ಲಿ ಬದಲಿಸಿ, ಲಂಡನ್ ಬ್ರಿಡ್ಜ್‌ನಲ್ಲಿ ಕ್ರೋಯ್ಡನ್ ರೈಲು ಹತ್ತಿದರು. ನವೆಂಬರಿನಿಂದ ಹೀಗೇ ರೈಲಿನಲ್ಲಿ ಓಡಾಟ. ಕಾರು ಯಾಕೆ ಬಿಟ್ಟಿರಿ ಎಂದು ಕೇಳಿದಾಗಲೆಲ್ಲ ಕೃಷ್ಣಪ್ರಸಾದ, “ರೈಲೇ ಆರಾಮ” ಎನ್ನುತ್ತಿದ್ದರು. ಈ ದಿನ ವತ್ಸಲಾ ಮತ್ತೆ ಕೇಳಿದರು.

“ಕಾರು ಮಾರಿಬಿಟ್ಟೆ, ಮೇಡಂ,” ಎಂದರು ಕೃಷ್ಣಪ್ರಸಾದ, ಕಿಟಕಿಯ ಹೊರಗೆ ನೋಡುತ್ತ. “ಅರ್ಧ ಇರೋ ನೀರು ಕಾಣಿಸ್ತು ಅಂತ ಪ್ರಮಾಣ ಮಾಡಿ ಹೇಳಿದೋನು ನಾನು. ಅದು ತುಂಬಿತ್ತು. ಕಣ್ಣ ಮುಂದಿರೋದು ಹಂಗೆ ತಪ್ಪಾಗಿ ಕಾಣುತ್ತೆ ಅಂದ್ರೆ, ನಾಳೆ ಸಿಗ್ನಲ್ ಕೆಂಪಿದ್ರೆ ಹಸುರು ಕಾಣ್ಬಹುದಲ್ವಾ? ಕಾಮಾಕ್ಷಿ ನಾಲ್ಕು ಸಲ ಪರೀಕ್ಷೆ ಮಾಡಿದ್ಲು. ಕಣ್ಣಲ್ಲಿ ಏನೂ ಇಲ್ಲ ಅಂದ್ಲು. ಕಣ್ಣಲ್ಲಿ ಇಲ್ಲ ಅಂದ್ರೆ ತಲೇಲಿ ಇರ್ಬೇಕು. ಮರೆವಿನ ಕಾಯಿಲೆ ಹಿಂಗೇ ಶುರುವಾಗತ್ತಂತೆ. ಅದಕ್ಕೇ ಮೊಮ್ಮಗಳನ್ನ ಒಬ್ಳನ್ನೇ ಕರ್ಕೊಂಡು ರಸ್ತೆ ದಾಟೋದೂ ಬಿಟ್ಟಿದೀನಿ.”

ಹೀಗೆ ಹೇಳಿ ಅವರು ಸಣ್ಣಗೆ ನಕ್ಕರು, ಇನ್ನೊಬ್ಬರ ವಿಷಯ ಹೇಳಿದ ಹಾಗೆ.

ವತ್ಸಲಾರಿಗೆ ಅಷ್ಟು ದಿನ ಗೊತ್ತಿದ್ದದ್ದು ಒಂದು ಮುಚ್ಚಳ ಬಿರುಕು ಬಿಟ್ಟದ್ದು, ಒಬ್ಬರ ಕೈ ಸುಟ್ಟದ್ದು, ಒಬ್ಬರ ಪಾಳಿ ಹೋದದ್ದು. ಇದು ಗೊತ್ತಿರಲಿಲ್ಲ. ತಾನು ಬರೆದ ಎರಡಂಕಿಯ ಸಂಖ್ಯೆ ಈ ಮನುಷ್ಯನ ಮನೆಯೊಳಗೆ ಹೊಕ್ಕು, ಮೊಮ್ಮಗಳ ಕೈಯನ್ನೂ ಬಿಡಿಸಿತ್ತು.

“ರಾಯರ,” ಎಂದರು. “ನಿಮ್ಮ ಕಣ್ಣ ಸುಳ್ಳ ಹೇಳಿಲ್ರಿ. ಸುಳ್ಳ ಹೇಳಿದಾಕಿ ನಾನು.”

ಕೃಷ್ಣಪ್ರಸಾದ ತಿರುಗಿ ನೋಡಿದರು.

“ಅವತ್ತ ಮಧ್ಯಾಹ್ನ ಎರಡರ ಟೆಸ್ಟ ನಾ ಮಾಡಲೇ ಇಲ್ರಿ. ಮ್ಯಾಲೆ ಮಂದಿ ಜೋಡಿ ಮಾತಾಡ್ಕೋತ ನಿಂತಿದ್ದೆ. ಮುಂಜಾನಿ ಅಂಕಿನ ತಿದ್ದಿ ಬರದಿಟ್ಟೆ. ಕಂಡೆನ್ಸರ್ ಅವಾಗನ ಸೋರತಿತ್ತು. ನೀರಿಗೆ ಉಪ್ಪು ಸೇರಿತ್ತು. ನೀವು ನೋಡಿದಾಗ ನೀರು ಅರ್ಧಕ್ಕ ಇತ್ರಿ. ನೊರಿ ಎದ್ದ ಮ್ಯಾಲೆ ಗ್ಲಾಸಿನ್ಯಾಗ ತುಂಬಿದಂಗ ಕಂಡದ. ತಪ್ಪು ನಂದು.”

ರೈಲು ನಾರ್ವುಡ್ ಜಂಕ್ಷನ್ನಿನಲ್ಲಿ ನಿಂತು, ಜನರನ್ನು ಇಳಿಸಿ, ಮತ್ತೆ ಹೊರಟಿತು. ಆಮೇಲೆ ಕೃಷ್ಣಪ್ರಸಾದ ಕೇಳಿದ್ದು ಒಂದೇ ಪ್ರಶ್ನೆ.

“ಯಾವಾಗ ಗೊತ್ತಾಯ್ತು ನಿಮಗೆ, ಕಂಡೆನ್ಸರ್ ವಿಷಯ?”

“ಫೆಬ್ರವರಿಯೊಳಗ್ರಿ.”

“ಫೆಬ್ರವರಿ.” ಅವರು ಬೆರಳು ಮಡಿಸಿ ಎಣಿಸಲಿಲ್ಲ, ಆದರೆ ಎಣಿಸುತ್ತಿರುವುದು ಮುಖದಲ್ಲಿ ಕಾಣುತ್ತಿತ್ತು. “ಮಾರ್ಚ್‌ನಲ್ಲಿ ನನ್ನ ತಲೆ ಸ್ಕ್ಯಾನ್ ಮಾಡಿಸಿದ್ವಿ. ಆ ಸುರಂಗದಲ್ಲಿ ಮಲಗಿಕೊಂಡು ನಾನು ಏನೇನು ಯೋಚನೆ ಮಾಡ್ದೆ ಗೊತ್ತಾ ನಿಮಗೆ?”

ವತ್ಸಲಾ ಬಾಯಿ ತೆರೆದರು. ಅವರು ಕೈಯೆತ್ತಿ ತಡೆದರು.

“ಈಗ ಏನೂ ಹೇಳ್ಬೇಡಿ. ಅವತ್ತು ಎರಡು ಗಂಟೆಗೆ ಮರೆತ್ರಿ, ಸರಿ, ಮನುಷ್ಯರು ಮರೀತಾರೆ. ಫೆಬ್ರವರಿಯಿಂದ ಇಲ್ಲಿವರೆಗೆ ವಾರಕ್ಕೆರಡು ದಿನ ಇದೇ ರೈಲಲ್ಲಿ ನನ್ನ ಪಕ್ಕ ಕೂತಿದ್ರಲ್ಲ. ಅದು ಮರೆವಲ್ಲ.”

ಈಸ್ಟ್ ಕ್ರೋಯ್ಡನ್ನಿನಲ್ಲಿ ಇಳಿದು ಅವರು ಟ್ರಾಮಿಗೆ ಕಾಯದೆ ನಡೆದೇ ಹೋದರು. ವತ್ಸಲಾ ಹಿಂದೆ ಹೋಗಲಿಲ್ಲ.

ಮನೆಯಲ್ಲಿ ಊಟದ ಮೇಜಿನ ಮುಂದೆ ಗಂಡನಿಗೂ ಹೇಳಿದರು. ಋಷಿಕೇಶ ಮುರಿದ ಚಪಾತಿಯನ್ನು ಮತ್ತೆ ತಟ್ಟೆಗೆ ಹಾಕಿದರು. ಬೈದರೆ ಚೆನ್ನಾಗಿತ್ತು.

“ಚೀಫ್‌ಗ ಯಾವಾಗ ಹೇಳ್ತಿ?” ಎಂದರು, ಅಷ್ಟೇ.

“ನಾಳೆ ಮುಂಜಾನೆ. ಹಡಗ ಬಿಡೂ ಮೊದಲ.”

“ನಾ ಬರಲ್ಯಾ ಜೋಡಿ?”

“ಬ್ಯಾಡ್ರಿ. ಒಬ್ಬಾಕಿನ ಮಾಡಿದ್ದು, ಒಬ್ಬಾಕಿನ ಹೇಳ್ತೀನಿ.”

ಶನಿವಾರ ಬೆಳಿಗ್ಗೆ ಏಳೂವರೆಗೆ ಹಡಗಿಗೆ ಹೋದಾಗ ಹಬೆ ಪೂರ್ತಿ ಏರಿತ್ತು. ಇಡೀ ಹಡಗು ಮೆಲ್ಲಗೆ ಉಸಿರಾಡುವಂತೆ ನಡುಗುತ್ತಿತ್ತು. ಚೀಫ್ ಎಂಜಿನ್ನಿನ ಪಕ್ಕ ಎಣ್ಣೆಯ ಡಬ್ಬಿ ಹಿಡಿದು ನಿಂತಿದ್ದರು. ವತ್ಸಲಾ ಸೆಪ್ಟೆಂಬರಿನ ಲಾಗ್ ಪುಸ್ತಕವನ್ನು ಎತ್ತಿಕೊಂಡೇ ಹೋಗಿ, ಆ ಪುಟ ತೆರೆದು, ಆ ಸಾಲಿನ ಮೇಲೆ ಬೆರಳಿಟ್ಟು, ಏನನ್ನೂ ಬಿಡದೆ ಹೇಳಿದರು. ಫೆಬ್ರವರಿಯ ಮಾತನ್ನೂ ಹೇಳಿದರು.

ಚೀಫ್ ಎಣ್ಣೆಯ ಡಬ್ಬಿಯನ್ನು ಕೆಳಗಿಟ್ಟರು. ಅವರ ಕಿವಿ ಕೆಂಪಾಗಿತ್ತು.

“ಬ್ರಯನ್‌ಗೆ ಇವತ್ತಿಗೂ ಬಲಗೈಯ ಎರಡು ಬೆರಳು ಪೂರ್ತಿ ಮಡಿಸಲಾಗುವುದಿಲ್ಲ. ಗೊತ್ತಲ್ಲ?”

“ಗೊತ್ತು.”

“ನಿಮ್ಮ ಅಂಕಿ ನೋಡಿ ನಾನು ಕೆಪಿಯನ್ನು ತೆಗೆದೆ. ಹಬೆಯ ಜೊತೆಯಲ್ಲೇ ಬೆಳೆದವರನ್ನು ಒಂದು ಕಾಗದ ನಂಬಿ ತೆಗೆದೆ.” ಅವರು ಹೊಸ ಪುಸ್ತಕ ತೆರೆದು ದಿನಾಂಕ ಹಾಕಿ, ವತ್ಸಲಾರ ಕೈಗೆ ಪೆನ್ನು ಕೊಟ್ಟರು. “ಬರೆಯಿರಿ. ಆಮೇಲೆ ಇವತ್ತಿನಿಂದ ಈ ಹಡಗಿನ ನೀರನ್ನು ನೀವು ಮುಟ್ಟುವಂತಿಲ್ಲ.”

ವತ್ಸಲಾ ಬರೆದರು. ಸಹಿ ಮಾಡಿ ಪೆನ್ನು ಹಿಂದಿರುಗಿಸುವಾಗ ಇಬ್ಬರಿಗೂ ಒಂದೇ ವಿಷಯ ನೆನಪಾಯಿತು: ಎಂಟು ಗಂಟೆಯ ನೀರು ಪರೀಕ್ಷೆಯಾಗದೆ ಹಡಗು ಬಿಡುವಂತಿಲ್ಲ, ಬೇರೆ ಯಾರಿಗೂ ಅದು ಬರುವುದಿಲ್ಲ.

“ಮಾಡಿ,” ಎಂದರು ಚೀಫ್. “ನಾನು ನಿಂತು ನೋಡುತ್ತೇನೆ.”

ಬಾವುಟದ ಕೋಣೆಯಲ್ಲಿ ಇಬ್ಬರಿಗೆ ಜಾಗವಿಲ್ಲ. ಚೀಫ್ ಬಾಗಿಲಿಗೆ ಭುಜ ಕೊಟ್ಟು ನಿಂತು ಪ್ರತಿಯೊಂದು ಹನಿಯನ್ನೂ ಬಾಯಿಬಿಟ್ಟು ಎಣಿಸಿದರು. ಇಪ್ಪತ್ತೊಂಬತ್ತು ವರ್ಷ ಬರೀ ಸಹಿಯಿಂದಲೇ ಎಲ್ಲರನ್ನೂ ನಂಬಿಸಿದ್ದ ಹೆಂಗಸು, ಶಾಲೆಯ ಮಗುವಿನ ಹಾಗೆ ಲೋಟವನ್ನು ಬೆಳಕಿಗೆ ಹಿಡಿದು, “ಬಣ್ಣ ತಿರುಗಿತು, ನೀವೂ ನೋಡಿ” ಎಂದರು. ಅವರು ನೋಡಿದರು, ಮುಂದಿನ ಪರೀಕ್ಷೆಗಳನ್ನು ತಾವೇ ಮಾಡಲು ಕ್ರಮವನ್ನೆಲ್ಲ ಚೀಟಿಯಲ್ಲಿ ಬರೆದುಕೊಂಡರು. ನೀರು ಶುದ್ಧವಿತ್ತು.

ಹತ್ತು ಗಂಟೆಗೆ ಕೃಷ್ಣಪ್ರಸಾದ ಬಂದರು. ಬರುವುದಿಲ್ಲವೇನೋ ಎಂದು ವತ್ಸಲಾ ಹೆದರಿದ್ದರು. ಚೀಫ್ ಎಲ್ಲರನ್ನೂ ಡೆಕ್ಕಿನ ಮೇಲೆ ಕರೆದು, ಸೆಪ್ಟೆಂಬರಿನಲ್ಲಿ ತಾವು ಕೊಟ್ಟ ತೀರ್ಮಾನ ತಪ್ಪೆಂದೂ, ಕೆಪಿಯ ಮೇಲೆ ಯಾವ ದೋಷವೂ ಇರಲಿಲ್ಲವೆಂದೂ ಹೇಳಿ, ಟೊಪ್ಪಿ ತೆಗೆದು ಅವರ ಕ್ಷಮೆ ಕೇಳಿದರು. ಯಾರಿಂದ ಹೀಗಾಯಿತು ಎಂದು ಯಾರೋ ಕೇಳಿದರು. ಚೀಫ್ ಉತ್ತರಿಸುವ ಮೊದಲೇ ವತ್ಸಲಾ, “ನನ್ನಿಂದ,” ಎಂದರು. ಉಳಿದವರೆಲ್ಲ ತಮ್ಮ ತಮ್ಮ ಬೂಟುಗಳನ್ನು ನೋಡಿಕೊಂಡರು. ಬ್ರಯನ್ ಒಬ್ಬರು ಮಾತ್ರ ನೇರವಾಗಿ ಅವರನ್ನೇ ನೋಡಿದರು.

ಕೃಷ್ಣಪ್ರಸಾದ ಬಾಯ್ಲರ್ ಕೋಣೆಯ ಏಣಿಯ ಹತ್ತಿರ ಹೋಗಿ, ಕಂಬಿ ಹಿಡಿದು ನಿಂತರು. ಇಳಿಯಲು ಬಹಳ ಹೊತ್ತು ಹಿಡಿಯಿತು. ತಪ್ಪು ತಮ್ಮದಲ್ಲವೆಂದು ಗೊತ್ತಾದರೂ ಎಂಟು ತಿಂಗಳು ತಮ್ಮ ಕಣ್ಣನ್ನೇ ಅನುಮಾನಿಸಿದ ಅಭ್ಯಾಸ ಅಷ್ಟು ಬೇಗ ಬಿಡುತ್ತದೆಯೇ. ಕೊನೆಗೆ ಇಳಿದರು. ಕೆಳಗಿನಿಂದ ಅವರ ದನಿ ಕೇಳಿಸಿತು, ಚೀಫ್‌ರನ್ನು ಕೇಳುತ್ತಿದ್ದರು: “ಅರ್ಧ ಇದೆ ಅಲ್ಲವೇ? ನಿಮಗೂ ಅರ್ಧವೇ ಕಾಣುತ್ತಿದೆಯೇ?”

ವತ್ಸಲಾ ತಮ್ಮ ಚೀಲ ತೆಗೆದುಕೊಂಡು ದಡಕ್ಕೆ ಇಳಿದರು. ಯಾರೂ ಇಳಿಯಿರಿ ಎನ್ನಲಿಲ್ಲ, ಇರಿ ಎಂದೂ ಹೇಳಲಿಲ್ಲ. ಮಧ್ಯಾಹ್ನ ಲಾಕಿನ ಗೇಟು ತೆರೆಯಿತು. ಡನ್ಲಿನ್ ಒಮ್ಮೆ ಸಿಳ್ಳು ಹಾಕಿ, ಕಂದು ನೀರನ್ನು ಸೀಳುತ್ತ ನದಿಗೆ ಇಳಿಯಿತು. ಅವರು ದಡದ ಬೇಲಿಯ ಹಿಂದೆ, ನೋಡಲು ಬಂದ ಜನರ ನಡುವೆ ನಿಂತು ನೋಡಿದರು.

ಭಾನುವಾರ ಕಾಮಾಕ್ಷಿ ಫೋನು ಮಾಡಿದರು. ಬೈಗುಳಕ್ಕೆ ತಯಾರಾಗಿ ವತ್ಸಲಾ ಫೋನೆತ್ತಿದರು.

“ಅವರ ಕಣ್ಣು ಸರಿಯಾಗಿದೆ ಅಂತ ಡಾಕ್ಟರಾಗಿ ಹೇಳ್ದೆ, ಹೆಂಡ್ತಿಯಾಗಿ ಹೇಳ್ದೆ,” ಎಂದರು ಕಾಮಾಕ್ಷಿ. “ನನ್ನ ಮಾತು ನಂಬ್ಲಿಲ್ಲ ಅವರು. ಹಡಗಿನ ಪುಸ್ತಕ ನಂಬಿದ್ರು. ನೀವು ಹೇಳಿದ್ದಕ್ಕೆ ಥ್ಯಾಂಕ್ಸ್ ಹೇಳ್ಬೇಕು ಅಂತ ಫೋನ್ ಮಾಡ್ದೆ, ವತ್ಸಲಾ. ಆದ್ರೆ ಹೇಳೋಕೆ ಆಗ್ತಾ ಇಲ್ಲ. ಇಡ್ತೀನಿ.”

ಬ್ರಯನ್ನರ ಮನೆಗೆ ವತ್ಸಲಾ ತಾವಾಗಿ ಹೋದರು. ಅವರು ಬಾಗಿಲಲ್ಲೇ ನಿಂತು ಪೂರ್ತಿ ಕೇಳಿಸಿಕೊಂಡು, ಒಳಗೆ ಕರೆದು ಚಹಾ ಕೊಟ್ಟರು. ಮಡಿಸಲಾಗದ ಬೆರಳುಗಳ ನಡುವೆ ಕಪ್ಪು ಹಿಡಿದಿದ್ದ ಆ ಕೈಯನ್ನು ನೋಡುತ್ತ ವತ್ಸಲಾ ಆ ಚಹಾ ಕುಡಿದು ಮುಗಿಸಿದರು. ಕೆಲಸ ಕಳೆದುಕೊಂಡ ಪ್ರಯೋಗಾಲಯದ ಹುಡುಗಿಯನ್ನೂ ಹುಡುಕಿದರು. ಮದುವೆಯಾಗಿ ಹೆಸರು ಬದಲಾಗಿತ್ತೋ ಏನೋ, ಸಿಗಲಿಲ್ಲ.

ಹಡಗಿನ ಸಮಿತಿ ಒಂದು ವರ್ಷ ಅವರನ್ನು ಪರೀಕ್ಷೆಯಿಂದ ದೂರವಿಟ್ಟಿತು. ಬೇಕಿದ್ದರೆ ಬೇರೆ ಕೆಲಸಕ್ಕೆ ಬರಬಹುದು ಎಂದಿತು. ಅವರು ಹೋದರು. ಶರತ್ಕಾಲವಿಡೀ ಹಡಗಿನ ಹೊಟ್ಟೆಯಲ್ಲಿ ಕುಳಿತು ತುಕ್ಕು ಕೆರೆದರು. ಕೃಷ್ಣಪ್ರಸಾದ ಜುಲೈನಲ್ಲೇ ಬೆಂಕಿಯ ಪಾಳಿಗೆ ಪೂರ್ತಿಯಾಗಿ ಮರಳಿದ್ದರು. ಮೊಮ್ಮಗಳನ್ನು ಶಾಲೆಗೆ ಬಿಡಲು ಹೋಗುತ್ತಿದ್ದಾರೆಂದು ಬೇರೆಯವರಿಂದ ತಿಳಿಯಿತು. ಎದುರಾದರೆ “ಚೆನ್ನಾಗಿದೀರಾ?” ಎನ್ನುತ್ತಿದ್ದರು. ಉತ್ತರಕ್ಕೆ ನಿಲ್ಲುತ್ತಿರಲಿಲ್ಲ. ಕ್ರೋಯ್ಡನ್ನಿನಿಂದ ಅವರು ಬೇರೆ ರೈಲಿಗೆ ಬರುತ್ತಿದ್ದರು.

ಜನವರಿಯಲ್ಲಿ ನೀರಿನ ಕೆಲಸಕ್ಕೆ ಹೊಸಬರು ಸಿಕ್ಕರು: ಇಲ್ಲಿನ ಸ್ಟ್ಯಾನ್ಮೋರಿನಲ್ಲೇ ಹುಟ್ಟಿ ಬೆಳೆದ ತನ್ಮಯಿ, ಶಾಲೆಯೊಂದರಲ್ಲಿ ರಸಾಯನಶಾಸ್ತ್ರ ಕಲಿಸುವವಳು. ಕೈ ಹಿಡಿದು ತೋರಿಸಲು ವತ್ಸಲಾ ಒಬ್ಬರೇ ಇದ್ದದ್ದರಿಂದ ಚೀಫ್ ಅವರನ್ನೇ ಕರೆದರು. ಬಾವುಟದ ಕೋಣೆಯಲ್ಲಿ ಆ ಹುಡುಗಿ ನೋಟ್‌ಬುಕ್ ತೆರೆದು ಕುಳಿತಳು.

“ಶೀಷೆ ಮುಟ್ಟೂ ಮೊದಲ ನಿನಗ ಒಂದು ಮಾತು ಹೇಳಬೇಕವ್ವಾ,” ಎಂದರು ವತ್ಸಲಾ. “ಇದನ್ನ ಬ್ಯಾರೆಯವರ ಬಾಯಿಂದ ನೀ ಕೇಳಬಾರದು. ಹೋದ ವರ್ಷದ ಹಿಂದಿನ ಸೆಪ್ಟೆಂಬರಿನ್ಯಾಗ ನಾ ಒಂದು ಸುಳ್ಳ ಅಂಕಿ ಬರದೆ.”

ತನ್ಮಯಿ ಪೆನ್ನು ಕೆಳಗಿಟ್ಟಳು. “ವೈ ಆರ್ ಯು ಟೆಲ್ಲಿಂಗ್ ಮಿ, ಆಂಟಿ?” ಎಂದು ಮೆಲ್ಲಗೆ ಕೇಳಿದಳು.

“ಆ ಪುಸ್ತಕದಾಗ ಬರಿಯೋದು ಬರೇ ನೀರಿನ ಲೆಕ್ಕ ಅಲ್ಲ, ಅದಕ್ಕ,” ಎಂದು ವತ್ಸಲಾ ಹೇಳತೊಡಗಿದರು, ಆ ಭಾನುವಾರದ ಬಿಸಿಲಿನಿಂದ. ಹೊರಗೆ ಕಿರಿದಾದ ದಾರಿಯಲ್ಲಿ ಕೃಷ್ಣಪ್ರಸಾದ ಬೂದಿಯ ಬಕೆಟ್ ಹಿಡಿದು ಹೋಗುತ್ತಿದ್ದವರು ತಮ್ಮ ಹೆಸರು ಕೇಳಿ ನಿಂತರು. ವತ್ಸಲಾ ಅವರನ್ನು ನೋಡಿದರು, ಹೇಳುವುದನ್ನು ನಿಲ್ಲಿಸಲಿಲ್ಲ. ಫೆಬ್ರವರಿಯ ಭಾಗವನ್ನೂ ಬಿಡದೆ ಹೇಳಿ ಮುಗಿಸುವವರೆಗೆ ಕೃಷ್ಣಪ್ರಸಾದ ಅಲ್ಲೇ ನಿಂತು ಕೇಳಿದರು. ಆಮೇಲೆ ಬಕೆಟ್ಟನ್ನು ಇನ್ನೊಂದು ಕೈಗೆ ಬದಲಿಸಿಕೊಂಡು, ಬೂದಿ ಚೆಲ್ಲಲು ಮೇಲೆ ಹೋದರು.